ದ್ವೀಪ ಯಾರಿಗೆ, ಕಾಡು ಯಾರಿಗೆ, ರಜೆ ಯಾರಿಗೆ?

ಅಂಡಮಾನ್ ಎಂದರೆ ಒಂದು ಕಾಲದಲ್ಲಿ ನಮ್ಮ ಜನ ಬೆಚ್ಚಿಬೀಳುತ್ತಿದ್ದರು. ಕರಿನೀರಿನ ಶಿಕ್ಷೆ ಎಂದರೆ ಹೋದವನು ತಿರುಗಿ ಬರುವುದಿಲ್ಲವೆಂದೇ ಅರ್ಥವಿತ್ತು. 1857ರ ದಂಗೆಯನ್ನು ಅಡಗಿಸಿದ ಇಂಗ್ಲಿಷರು ಮರುವರ್ಷವೇ ಅಲ್ಲಿ ಕೈದಿಗಳ ವಸಾಹತು ಹೂಡಿದರು. 1906ರ ಹೊತ್ತಿಗೆ ಸೆಲ್ಯುಲರ್ ಜೈಲು ಎದ್ದು ನಿಂತಿತು. ಸ್ವಾತಂತ್ರ್ಯ ಕೇಳಿದವರನ್ನು ಅಲ್ಲಿ ಗಾಣಕ್ಕೆ ಕಟ್ಟಿ ಎಣ್ಣೆ ತೆಗೆಸಿದರು.

ಈಗ ಕಾಲ ಬದಲಾಗಿದೆ. ಕೋಲಾರ, ಮಾಲೂರುಗಳ ಟ್ರಾವೆಲ್ಸ್ ಅಂಗಡಿಗಳ ಬೋರ್ಡಿನಲ್ಲಿ ಅದೇ ಅಂಡಮಾನ್ ನಗುತ್ತಿದೆ. ಐದು ರಾತ್ರಿ, ಆರು ಹಗಲು. ಹವಳ ನೋಡಬಹುದು, ಆಮೆ ನೋಡಬಹುದು, ಸಮುದ್ರದ ದಂಡೆಯ ಡೇರೆಯಲ್ಲಿ ಮಲಗಬಹುದು. ದುಡ್ಡಿದ್ದವನಿಗೆ ಇದು ಸ್ವರ್ಗ. ಬೋರ್ಡಿನ ಕೆಳಗೇ ನಿಂತು ನರಸಾಪುರದ ಕಂಪನಿ ಬಸ್ಸಿಗೆ ಕಾಯುವ ಹುಡುಗನಿಗೆ, ಪಕ್ಕದಲ್ಲೇ ಬಾಳೆಹಣ್ಣಿನ ಗಾಡಿ ತಳ್ಳುವ ನಮ್ಮ ತಾಯಿಗೆ ಅದೊಂದು ಬಣ್ಣದ ಚಿತ್ರ, ಅಷ್ಟೆ.

ಇದನ್ನು ಓದಿ ಕೆಲವರು ನಗಬಹುದು. ಈ ಪತ್ರಿಕೆಗೆ ಬೇರೆ ಕೆಲಸವಿಲ್ಲವೇ, ಬೆಲೆ ಏರಿದೆ, ನೀರಿಲ್ಲ, ಕೆಲಸವಿಲ್ಲ, ಇವರು ದ್ವೀಪದ ಪ್ರವಾಸದ ಮಾತೆತ್ತಿದ್ದಾರೆ ಎನ್ನಬಹುದು. ಅವರಿಗೆ ನಮ್ಮ ಉತ್ತರ ಇಷ್ಟೆ: ಮನುಷ್ಯ ಎತ್ತಲ್ಲ. ಎತ್ತಿಗೂ ಸೋಮವಾರ ನೊಗ ಇಳಿಸುವ ಊರುಗಳು ನಮ್ಮಲ್ಲಿವೆ. ದುಡಿದವನಿಗೆ ದಣಿವಾರಿಸಿಕೊಳ್ಳುವ ಹಕ್ಕಿದೆ, ಕಾಡು ಕಡಲುಗಳನ್ನು ಕಣ್ಣಾರೆ ಕಾಣುವ ಹಕ್ಕೂ ಇದೆ. ಹುಲಿಯನ್ನು ಕ್ಯಾಲೆಂಡರಿನಲ್ಲಿ ಮಾತ್ರ ನೋಡಬೇಕೆಂದು ಯಾವ ಬ್ರಹ್ಮನೂ ಬಡವನ ಹಣೆಯಲ್ಲಿ ಬರೆದಿಲ್ಲ. ಆದ್ದರಿಂದ ಪ್ರವಾಸದ ಮೇಲೆ ನಮಗೆ ದ್ವೇಷವಿಲ್ಲ. ನಾವು ಕೇಳುವ ಪ್ರಶ್ನೆಗಳು ಮೂರು. ಆ ದ್ವೀಪವನ್ನು ಯಾರ ಕೈಯಿಂದ ಕಿತ್ತು ಯಾರ ಕೈಗೆ ಕೊಡುತ್ತಿದ್ದಾರೆ? ಅಲ್ಲಿ ಒಂದು ನ್ಯಾಯ, ನಮ್ಮ ಶ್ರೀನಿವಾಸಪುರದಲ್ಲಿ ಇನ್ನೊಂದು ನ್ಯಾಯ ಏಕೆ? ರಜೆ ಎಂಬುದು ಯಾರ ಪಾಲಿಗೆ ಉಳಿದಿದೆ?

ಗ್ರೇಟ್ ನಿಕೋಬಾರಿನ ಲೆಕ್ಕ

ಅಂಡಮಾನ್ ಸಾಲಿನ ತೀರ ದಕ್ಷಿಣದ ತುದಿಯಲ್ಲಿ ಗ್ರೇಟ್ ನಿಕೋಬಾರ್ ಎಂಬ ದ್ವೀಪವಿದೆ. ಮಳೆಕಾಡಿನಿಂದ ತುಂಬಿದ ನೆಲ ಅದು. ಗಲಾಥಿಯಾ ಕೊಲ್ಲಿಯ ಮರಳಿಗೆ ಸಮುದ್ರದ ಆಮೆಗಳಲ್ಲೇ ದೊಡ್ಡದಾದ ತೊಗಲುಬೆನ್ನಿನ ಆಮೆ ದೂರದಿಂದ ಈಜಿ ಬಂದು ಮೊಟ್ಟೆಯಿಡುತ್ತದೆ. ಎಲೆ ಮಣ್ಣುಗಳ ದಿಬ್ಬ ಕಟ್ಟಿ ಅದರ ಬಿಸಿಯಲ್ಲೇ ಮೊಟ್ಟೆಗೆ ಕಾವು ಕೊಡಿಸುವ ನಿಕೋಬಾರ್ ಮೆಗಾಪೋಡ್ ಎಂಬ ಹಕ್ಕಿ ಆ ದ್ವೀಪಗಳಲ್ಲಲ್ಲದೆ ಬೇರೆಲ್ಲೂ ಇಲ್ಲ. ಒಳಕಾಡಿನಲ್ಲಿ ಶೋಂಪೆನ್ ಜನರಿದ್ದಾರೆ. 2011ರ ಜನಗಣತಿಯಲ್ಲಿ ಅವರು 229 ಮಂದಿ. ದಂಡೆಯಲ್ಲಿದ್ದ ನಿಕೋಬಾರಿ ಜನರ ಊರುಗಳನ್ನು 2004ರ ಸುನಾಮಿ ಕೊಚ್ಚಿಹಾಕಿತು. ಉಳಿದವರನ್ನು ಸರ್ಕಾರ ಕ್ಯಾಂಪ್‌ಬೆಲ್ ಬೇ ಬಳಿಯ ತಗಡಿನ ಮನೆಗಳಿಗೆ ತಂದಿಟ್ಟಿತು. ನಮ್ಮ ಊರಿಗೆ ನಮ್ಮನ್ನು ಬಿಡಿ ಎಂದು ಅವರು ಅಂದಿನಿಂದ ಕೇಳುತ್ತಲೇ ಬಂದಿದ್ದಾರೆ.

ಇಂಥ ನೆಲದ ಮೇಲೆ ಕೇಂದ್ರ ಸರ್ಕಾರ ಹೊರಿಸಿರುವ ಯೋಜನೆಯನ್ನು ನೋಡಿ. ಹಡಗುಕಟ್ಟೆ, ಅಂತರರಾಷ್ಟ್ರೀಯ ವಿಮಾನ ನಿಲ್ದಾಣ, ವಿದ್ಯುತ್ ಸ್ಥಾವರ, ಹೊಸ ಪಟ್ಟಣ, ಅದರ ಜತೆಗೆ ಪ್ರವಾಸಿಗಳ ಉಪಚಾರ. 2022ರಲ್ಲಿ ಒಪ್ಪಿಗೆ ಸಿಕ್ಕಾಗ ಅದರ ಅಂದಾಜು 72,000 ಕೋಟಿ ರೂಪಾಯಿ. ಸುಮಾರು 8,000 ಜನರಿರುವ ದ್ವೀಪಕ್ಕೆ ಮುಂದಿನ ಮೂವತ್ತು ವರ್ಷಗಳಲ್ಲಿ ಮೂರೂವರೆ ಲಕ್ಷ ಜನರನ್ನು ತುಂಬುವ ಲೆಕ್ಕ. ಇದಕ್ಕಾಗಿ ಬಿಟ್ಟುಕೊಟ್ಟ ಕಾಡು 130 ಚದರ ಕಿಲೋಮೀಟರಿಗೂ ಹೆಚ್ಚು. ನಮ್ಮ ಅಳತೆಯಲ್ಲಿ ಹೇಳುವುದಾದರೆ 32,000 ಎಕರೆ. ಬೀಳಲಿರುವ ಮರಗಳೆಷ್ಟು? 2023ರಲ್ಲಿ ಸರ್ಕಾರವೇ ಸಂಸತ್ತಿಗೆ ಕೊಟ್ಟ ಅಂದಾಜು 9.64 ಲಕ್ಷ.

ಆಮೆಯ ಗತಿಯೇನು? ಗಲಾಥಿಯಾ ಕೊಲ್ಲಿ ವನ್ಯಜೀವಿಧಾಮವಾಗಿತ್ತು. ಹಡಗುಕಟ್ಟೆಗೆ ಅದು ಅಡ್ಡ ಬಂತು. 2021ರ ಜನವರಿಯಲ್ಲಿ ಕಾಗದದ ಮೇಲೆ ಒಂದು ಗೆರೆ ಎಳೆದು ಅದು ಧಾಮವೇ ಅಲ್ಲ ಎಂದುಬಿಟ್ಟರು. ಆಮೆಗೆ ಕಾಗದ ಓದಲು ಬರುವುದಿಲ್ಲ. ಅದು ಬರುವ ಜಾಗಕ್ಕೇ ಬರುತ್ತದೆ.

ಕಡಿದ ಕಾಡಿಗೆ ಬದಲು ಕಾಡು ಬೆಳೆಸಬೇಕೆಂದು ಕಾನೂನಿದೆಯಲ್ಲ ಎಂದು ನೀವು ಕೇಳಬಹುದು. ಇದೆ. ಆ ಬದಲಿ ಕಾಡಿಗೆ ಸರ್ಕಾರ ಆರಿಸಿದ ಜಾಗ ಹರಿಯಾಣ! ಬಂಗಾಳ ಕೊಲ್ಲಿಯ ನಡುವಿನ ಮಳೆಕಾಡನ್ನು ಕಡಿದು ದೆಹಲಿಯ ಪಕ್ಕದ ಒಣನೆಲದಲ್ಲಿ ಗಿಡ ನೆಡುತ್ತಾರಂತೆ. ಮುಳಬಾಗಿಲಿನಲ್ಲಿ ಕೆರೆ ಒಡೆದು ಮುಂಬಯಿಯಲ್ಲಿ ಬಾವಿ ತೋಡಿಸಿದರೆ ನಮ್ಮ ರೈತನ ಗದ್ದೆಗೆ ನೀರು ಬರುವುದೇ? ಇಷ್ಟು ಸರಳವಾದ ಮಾತು ದೊಡ್ಡ ಪದವಿ ಪಡೆದವರ ತಲೆಗೆ ಹೊಳೆಯಲಿಲ್ಲವೆಂದು ನಾವು ನಂಬುವುದಿಲ್ಲ. ಹೊಳೆದಿದೆ, ಹೊಳೆದೂ ಸಹಿ ಹಾಕಿದ್ದಾರೆ.

ದ್ವೀಪದ ಮೂಲನಿವಾಸಿಗಳ ಮಂಡಳಿ ಮೊದಲು ಕೊಟ್ಟಿದ್ದ ಒಪ್ಪಿಗೆಯ ಪತ್ರವನ್ನು 2022ರ ನವೆಂಬರಿನಲ್ಲಿ ವಾಪಸು ಪಡೆಯಿತು. ತಮ್ಮ ಪೂರ್ವಿಕರ ನೆಲವೇ ಯೋಜನೆಯೊಳಗೆ ಸೇರಿದೆಯೆಂಬುದು ಅವರ ತಕರಾರು. ಮನೆಯ ಯಜಮಾನ ಒಲ್ಲೆ ಎಂದಮೇಲೂ ಮದುವೆಯ ಚಪ್ಪರ ಹಾಕುವುದಕ್ಕೆ ಏನನ್ನಬೇಕು?

ದೇಶರಕ್ಷಣೆಯ ಮಾತು ಎತ್ತುವವರಿದ್ದಾರೆ. ಮಲಕ್ಕಾ ಜಲಸಂಧಿ ಹತ್ತಿರವಿದೆ, ಅಲ್ಲಿ ನಮ್ಮ ಕಾವಲು ಬೇಕು ಎನ್ನುತ್ತಾರೆ. ಬೇಕು, ಯಾರು ಬೇಡವೆಂದರು? 2012ರಲ್ಲೇ ಆ ದ್ವೀಪದಲ್ಲಿ ಐಎನ್ಎಸ್ ಬಾಜ್ ಎಂಬ ನೌಕಾದಳದ ವಿಮಾನ ನೆಲೆ ಶುರುವಾಗಿದೆ. ಅದನ್ನು ಬಲಪಡಿಸಲಿ. ಸಿಪಾಯಿಯ ಹೆಸರು ಹೇಳಿ ಹೋಟೆಲಿಗೂ ಸೈಟಿಗೂ ಕಾಡು ಕಡಿಯುವುದು ಯಾವ ರಕ್ಷಣೆ?

ಮನುಷ್ಯರನ್ನೇ ಮೃಗಾಲಯ ಮಾಡಿದವರು

ವನ್ಯಜೀವಿ ನೋಡುವ ಪ್ರವಾಸಕ್ಕೆ ದುಡ್ಡೇ ದೇವರಾದರೆ ಅದು ಎಲ್ಲಿಗೆ ಹೋಗಿ ನಿಲ್ಲುತ್ತದೆಂಬುದಕ್ಕೆ ಅಂಡಮಾನಿನಲ್ಲೇ ಒಂದು ಸಾಕ್ಷಿಯಿದೆ. ಅಲ್ಲಿ ಜರಾವಾ ಎಂಬ ಜನರ ಮೀಸಲು ಕಾಡನ್ನು ಸೀಳಿಕೊಂಡು ಅಂಡಮಾನ್ ಟ್ರಂಕ್ ರಸ್ತೆ ಹೋಗುತ್ತದೆ. ಆ ಭಾಗದ ರಸ್ತೆಯನ್ನು ಮುಚ್ಚಬೇಕೆಂದು 2002ರಲ್ಲಿ ಸುಪ್ರೀಂ ಕೋರ್ಟು ಆದೇಶಿಸಿತು. ರಸ್ತೆ ಮುಚ್ಚಲಿಲ್ಲ. ಬಾರಾಟಂಗಿನ ಸುಣ್ಣಕಲ್ಲಿನ ಗುಹೆ ನೋಡುವ ನೆಪದಲ್ಲಿ ಪ್ರವಾಸಿಗಳ ವಾಹನಗಳು ಸಾಲುಸಾಲಾಗಿ ಹೋದವು. ಗುಹೆಗಿಂತ ಹೆಚ್ಚಾಗಿ ಕಿಟಕಿಯಿಂದ ಜರಾವಾ ಜನರನ್ನು ನೋಡುವುದೇ ಅನೇಕರ ಆಸೆ. 2012ರ ಜನವರಿಯಲ್ಲಿ ಒಂದು ಚಿತ್ರ ಹೊರಬಿದ್ದು ಲೋಕವೆಲ್ಲ ಬೆಚ್ಚಿತು. ತಿಂಡಿಯ ಆಸೆ ತೋರಿಸಿ ಜರಾವಾ ಹೆಣ್ಣುಮಕ್ಕಳನ್ನು ಪ್ರವಾಸಿಗಳ ಮುಂದೆ ಕುಣಿಸಿದ್ದರು.

ಬ್ರಿಟಿಷರು ಈ ದೇಶದವರನ್ನು ಮೃಗಗಳಂತೆ ಕಂಡರೆಂದು ನಾವು ಶಾಲೆಯ ಪುಸ್ತಕದಲ್ಲಿ ಓದಿದ್ದೇವೆ. ಸ್ವತಂತ್ರ ದೇಶದ ಪ್ರವಾಸಿ ಸ್ವತಂತ್ರ ದೇಶದ ಪ್ರಜೆಯನ್ನು ಬಿಸ್ಕತ್ತು ಎಸೆದು ಕುಣಿಸಿದರೆ ಅದಕ್ಕೆ ಯಾವ ಪುಸ್ತಕದಲ್ಲಿ ಜಾಗ ಕೊಡೋಣ? 2018ರ ಡಿಸೆಂಬರಿನಲ್ಲಿ ಹ್ಯಾವ್‌ಲಾಕ್ ದ್ವೀಪಕ್ಕೆ ಸ್ವರಾಜ್ ದ್ವೀಪವೆಂದೂ ನೀಲ್ ದ್ವೀಪಕ್ಕೆ ಶಹೀದ್ ದ್ವೀಪವೆಂದೂ ಹೆಸರಿಟ್ಟರು. ಹೆಸರು ಒಳ್ಳೆಯದೇ. ಆದರೆ ಅದೇ ಕಾಲದಲ್ಲಿ ನೀತಿ ಆಯೋಗ ಲಾಂಗ್, ಸ್ಮಿತ್, ಏವಿಸ್ ಮೊದಲಾದ ದ್ವೀಪಗಳನ್ನು ಖಾಸಗಿ ಬಂಡವಾಳದ ರೆಸಾರ್ಟುಗಳಿಗೆ ಗುರುತು ಹಾಕಿತು. ಹೆಸರು ಹುತಾತ್ಮರದು, ಹಾಸಿಗೆ ಹಣವಂತರದು.

ಕಂಪನಿ ಬಂದರೆ ಉದ್ಯೋಗ ಬರುತ್ತದೆ ಎನ್ನುವವರಿಗೆ ಅಂಡಮಾನಿನದೇ ಇನ್ನೊಂದು ಕಥೆ ಹೇಳುತ್ತೇವೆ. ಅಲ್ಲಿ ಇಂಟರ್‌ವ್ಯೂ ಎಂಬ ದ್ವೀಪವಿದೆ. ಮರ ಕಡಿಯುವ ಒಂದು ಕಂಪನಿ ಮುಖ್ಯಭೂಮಿಯಿಂದ ಸಾಕಾನೆಗಳನ್ನು ಹಡಗಿನಲ್ಲಿ ತಂದು ದಿಮ್ಮಿ ಎಳೆಸಿತು. 1960ರ ದಶಕದ ಆರಂಭದಲ್ಲಿ ಕಂಪನಿ ದಿವಾಳಿಯೆದ್ದಿತು. ಧಣಿಗಳು ಹಡಗು ಹತ್ತಿದರು; ಆನೆಗಳು ದ್ವೀಪದಲ್ಲೇ ಅನಾಥವಾಗಿ ಉಳಿದು ಕಾಡಾನೆಗಳಾದವು.

ಇದನ್ನು ಕೇಳಿ ನಮ್ಮ ಜಿಲ್ಲೆಯವರಿಗೆ ಏನಾದರೂ ನೆನಪಾಗುತ್ತದೆಯೇ? ನೂರಿಪ್ಪತ್ತು ವರ್ಷ ನಮ್ಮವರು ನೆಲದೊಳಕ್ಕೆ ಇಳಿದು ಚಿನ್ನ ತೆಗೆದುಕೊಟ್ಟರು. 2001ರ ಫೆಬ್ರವರಿ 28ರಂದು ಕೋಲಾರ ಚಿನ್ನದ ಗಣಿಗೆ ಬೀಗ ಬಿತ್ತು. ಚಿನ್ನ ಎಲ್ಲಿಗೋ ಹೋಯಿತು. ಸಯನೈಡಿನ ದಿಬ್ಬಗಳು ಮಾತ್ರ ನಮ್ಮ ಪಾಲಿಗೆ ಉಳಿದವು. ಗಣಿಯ ಮಕ್ಕಳು ಇಂದಿಗೂ ಬೆಳಗಿನ ರೈಲಿಗೆ ನೇತುಬಿದ್ದು ಬೆಂಗಳೂರಿಗೆ ಕೂಲಿಗೆ ಹೋಗುತ್ತಾರೆ. ಲಾಭವಿರುವ ತನಕ ಇರುವುದು, ಮುಗಿದ ಮೇಲೆ ಹೊರಡುವುದು, ಇದೇ ದೊಡ್ಡ ಬಂಡವಾಳದ ರೀತಿ. ಅದಕ್ಕೆ ಆನೆಯೂ ಒಂದೇ, ಆಳೂ ಒಂದೇ.

ಮಾವಿನ ಮರಕ್ಕೆ ಜೆಸಿಬಿ, ಮಳೆಕಾಡಿಗೆ ಮಾಫಿ

ಈಗ ನಮ್ಮ ಊರಿಗೆ ಬರೋಣ. ಶ್ರೀನಿವಾಸಪುರದ ಮಾವು ದೇಶದೇಶಕ್ಕೆ ಹೋಗುತ್ತದೆ. 2023ರ ಆಗಸ್ಟಿನಿಂದ ಅದೇ ತಾಲೂಕಿನಲ್ಲಿ ಅರಣ್ಯ ಇಲಾಖೆ ಒತ್ತುವರಿ ತೆರವಿಗೆ ಹೊರಟಿತು. ಪೋಲೀಸು ಬಂತು, ಜೆಸಿಬಿ ಬಂತು. ಕಾಯಿ ಬಿಡುವ ಮಾವಿನ ಮರಗಳು ಬೇರುಸಮೇತ ಉರುಳಿದವು. ನಮ್ಮ ಹತ್ತಿರ ಕಂದಾಯ ಇಲಾಖೆ ಕೊಟ್ಟ ಕಾಗದವಿದೆ, ಹಿರಿಯರ ಕಾಲದಿಂದ ಉಳುತ್ತಿದ್ದೇವೆ ಎಂದು ರೈತರು ಗೋಳಿಟ್ಟರು. ಒಂದು ಇಲಾಖೆ ಕೊಟ್ಟ ಕಾಗದವನ್ನು ಇನ್ನೊಂದು ಇಲಾಖೆ ಕಾಲಕಸ ಮಾಡಿತು. ಎರಡೂ ಒಂದೇ ಸರ್ಕಾರದ ಇಲಾಖೆಗಳು!

ಕಾಡು ಉಳಿಯಬಾರದೆಂದು ನಾವು ಹೇಳುವುದಿಲ್ಲ. ಕಾಡಿಲ್ಲದೆ ಮಳೆಯಿಲ್ಲ, ಮಳೆಯಿಲ್ಲದೆ ಕೋಲಾರವಿಲ್ಲ. ಸಾವಿರದಿಂದ ಸಾವಿರದೈನೂರು ಅಡಿ ಕೊಳವೆಬಾವಿ ತೋಡಿಸಿ ಬರಿಗೈಯಲ್ಲಿ ಕುಳಿತ ನಮ್ಮ ರೈತನಿಗೆ ಅದನ್ನು ಯಾರೂ ಪಾಠ ಮಾಡಬೇಕಾಗಿಲ್ಲ. ನೂರಾರು ಎಕರೆ ನುಂಗಿದ ದೊಡ್ಡ ಕುಳಗಳಿಂದ ಕಾಡನ್ನು ಬಿಡಿಸಲಿ, ನಾವೇ ಮುಂದೆ ನಿಂತು ಜಯಕಾರ ಹಾಕುತ್ತೇವೆ. ಆದರೆ ಒಂದು ಮಾತು ಕೇಳುತ್ತೇವೆ. ಕಾಡು ಪವಿತ್ರವಾದರೆ ಎಲ್ಲ ಕಡೆಯೂ ಪವಿತ್ರವಾಗಿರಬೇಕು. ಶ್ರೀನಿವಾಸಪುರದಲ್ಲಿ ಎರಡು ಎಕರೆಯ ರೈತ ಗಿಡ ನೆಟ್ಟರೆ ಅದು ಅಪರಾಧ. ನಿಕೋಬಾರಿನಲ್ಲಿ 32,000 ಎಕರೆ ಕಾಡನ್ನು ಸರ್ಕಾರವೇ ಬೋಳಿಸಿದರೆ ಅದು ಅಭಿವೃದ್ಧಿ. ಬಡವನು ನೆಟ್ಟ ಮರ ಕಾಡಿಗೆ ಕಂಟಕ. ದೊಡ್ಡವನು ಕಡಿದ ಮರ ದೇಶಕ್ಕೆ ಮಂಗಳ. ಒಂದೇ ಅಂಗಡಿಯಲ್ಲಿ ಕೊಳ್ಳಲು ಒಂದು ತಕ್ಕಡಿ, ಮಾರಲು ಒಂದು ತಕ್ಕಡಿ ಇಟ್ಟ ವರ್ತಕನಿಗೆ ತೂಕದ ಇಲಾಖೆ ದಂಡ ಹಾಕುತ್ತದೆ. ಸರ್ಕಾರಕ್ಕೆ ದಂಡ ಹಾಕುವವರು ಯಾರು?

ಆನೆಯ ವಿಷಯವೂ ಹೀಗೆಯೇ. ತಮಿಳುನಾಡಿನ ಹೊಸೂರು, ಕೃಷ್ಣಗಿರಿ ಕಡೆಯ ಕಾಡಿನಿಂದ ಆನೆಯ ಹಿಂಡು ಮಾಲೂರಿನ ಗಡಿಗೂ ಬಂಗಾರಪೇಟೆಯ ಕಾಮಸಮುದ್ರದ ಕಡೆಗೂ ನುಗ್ಗುತ್ತದೆ. ರಾಗಿ ಹೊಲ, ಟೊಮೆಟೊ ತೋಟ ತುಳಿದು ಹೋಗುತ್ತದೆ. ಜನ ಸತ್ತದ್ದೂ ಉಂಟು. ಕಬಿನಿಯಲ್ಲಿ ಆನೆ ನೋಡಲು ಒಬ್ಬ ಪ್ರವಾಸಿ ಒಂದು ರಾತ್ರಿಗೆ ಕೊಡುವ ದುಡ್ಡು ನಮ್ಮ ಇಟ್ಟಿಗೆ ಗೂಡಿನ ಆಳಿನ ವಾರದ ಕೂಲಿಗಿಂತ ಹೆಚ್ಚು. ಅದೇ ಆನೆಯನ್ನು ನಮ್ಮ ಗಡಿಯ ರೈತ ರಾತ್ರಿಯಿಡೀ ತಮಟೆ ಬಡಿದು, ಪಂಜು ಹಿಡಿದು, ಪ್ರಾಣ ಕೈಯಲ್ಲಿಟ್ಟುಕೊಂಡು ಪುಕ್ಕಟೆ ನೋಡುತ್ತಾನೆ. ಆನೆಯ ಲಾಭ ಒಬ್ಬನಿಗೆ, ಆನೆಯ ಕಾಲ್ತುಳಿತ ಇನ್ನೊಬ್ಬನಿಗೆ.

ಕಬಿನಿಯ ಆ ಲಾಡ್ಜಿನ ಚರಿತ್ರೆಯೂ ತಿಳಿಯತಕ್ಕದ್ದೇ. ಮೈಸೂರು ಮಹಾರಾಜರ ಬೇಟೆಯ ಬಂಗಲೆ ಅದು. 1980ರಲ್ಲಿ ಹುಟ್ಟಿದ ಸರ್ಕಾರದ ಜಂಗಲ್ ಲಾಡ್ಜಸ್ ಕಂಪನಿ ಅದನ್ನು ಪ್ರವಾಸಿ ಬಿಡಾರ ಮಾಡಿತು. ಅಂದು ದೊರೆಯ ಅತಿಥಿಗಳ ಕೈಯಲ್ಲಿ ಬಂದೂಕು, ಇಂದು ದುಡ್ಡಿನ ಅತಿಥಿಗಳ ಕೈಯಲ್ಲಿ ಕ್ಯಾಮರಾ. ಬಂದೂಕಿಗಿಂತ ಕ್ಯಾಮರಾ ಮೇಲು, ಒಪ್ಪಿದೆವು. ಆದರೆ ಬಂಗಲೆಯ ಬಾಗಿಲು ಅಂದೂ ನಮಗೆ ಮುಚ್ಚಿತ್ತು, ಇಂದೂ ಮುಚ್ಚಿದೆ. ಪ್ರಜೆಗಳ ತೆರಿಗೆಯಲ್ಲಿ ನಡೆಯುವ ಸರ್ಕಾರದ ಕಂಪನಿಯೇ ಹೀಗಾದರೆ ಖಾಸಗಿಯವರ ಮಾತೇಕೆ?

ಬೆಟ್ಟದ ಮೇಲಿನ ಬಾವಲಿ

ಕೋಲಾರದ ಬೆನ್ನಿಗೇ ಶತಶೃಂಗ ಬೆಟ್ಟಸಾಲಿದೆ. ಅಂತರಗಂಗೆಗೆ ನಮ್ಮ ಅಜ್ಜಿ ತಾತಂದಿರು ಬಸವನ ಬಾಯಿಯ ನೀರು ಕುಡಿಯಲು ಹೋಗುತ್ತಿದ್ದರು. ಈಗ ಶನಿವಾರ ರಾತ್ರಿ ಬೆಂಗಳೂರಿನಿಂದ ವ್ಯಾನುಗಳು ಬರುತ್ತವೆ. ರಾತ್ರಿ ಚಾರಣ, ಗುಹೆ ನುಸುಳುವುದು, ಬೆಂಕಿ ಹಾಕಿ ಹಾಡುವುದು. ದುಡ್ಡು ಬೆಂಗಳೂರಿನಲ್ಲೇ ಕಟ್ಟಿಸಿಕೊಂಡಿರುತ್ತಾರೆ, ಊಟದ ಪೊಟ್ಟಣ ಅಲ್ಲಿಂದಲೇ ಬರುತ್ತದೆ. ಬೆಟ್ಟದ ಬುಡದ ಅಂಗಡಿಯವನಿಗೆ ಎರಡು ನೀರಿನ ಬಾಟಲಿ ವ್ಯಾಪಾರ. ಬೆಳಗ್ಗೆ ಖಾಲಿ ಬಾಟಲಿ ಆರಿಸುವ ಕೆಲಸ ಮಾತ್ರ ಊರಿನವರಿಗೆ. ಪ್ರವಾಸೋದ್ಯಮದಿಂದ ಸಣ್ಣ ವ್ಯಾಪಾರಿ ಉದ್ಧಾರವಾಗುತ್ತಾನೆಂದು ಭಾಷಣ ಮಾಡುವ ಪುಢಾರಿಗಳು ಒಂದು ಶನಿವಾರ ಬಂದು ಆ ಅಂಗಡಿಯ ಗಲ್ಲಾಪೆಟ್ಟಿಗೆ ತೆರೆದು ನೋಡಲಿ.

ಇದೇ ಜಿಲ್ಲೆಯಲ್ಲಿ ಲೋಕದಲ್ಲೇ ಅಪರೂಪವಾದ ಒಂದು ಜೀವವಿದೆಯೆಂದು ಎಷ್ಟು ಜನಕ್ಕೆ ಗೊತ್ತು? ಕೋಲಾರದ ಹೆಸರನ್ನೇ ಹೊತ್ತ ಎಲೆಮೂಗಿನ ಬಾವಲಿ. 1994ರಲ್ಲಿ ವಿಜ್ಞಾನಿಗಳು ಅದನ್ನು ಬೇರೆಯೇ ಜಾತಿಯೆಂದು ವಿವರಿಸಿದರು. ಹನುಮನಹಳ್ಳಿಯಲ್ಲೂ ತೇರಹಳ್ಳಿಯಲ್ಲೂ ಸಿಕ್ಕಿತ್ತು. ತೇರಹಳ್ಳಿಯಿಂದ ಅದು ಕಾಣೆಯಾಗಿ, ಈಗ ಹನುಮನಹಳ್ಳಿಯ ಗುಹೆಯೊಂದರಲ್ಲಿ ಇನ್ನೂರಕ್ಕೂ ಕಡಿಮೆ ಉಳಿದಿವೆಯೆಂದು ಅಂದಾಜು. ಆ ಬಂಡೆಗೆ ಗ್ರಾನೈಟ್ ಕಳ್ಳರ ಕಣ್ಣು ಬಿದ್ದಿತ್ತು. ಬಾವಲಿ ಅಭ್ಯಾಸಿಗಳು ಊರೂರು ತಿರುಗಿ ಹಳ್ಳಿಯವರಿಗೆ ತಿಳಿಹೇಳಿದರು. ಅರಣ್ಯ ಇಲಾಖೆ ಗುಹೆಯ ಸುತ್ತಿನ ಜಾಗವನ್ನು ರಕ್ಷಿತವೆಂದು ಸಾರಿತು. ಒಳ್ಳೆಯ ಕೆಲಸ ಮಾಡಿದಾಗ ನಾವು ಒಳ್ಳೆಯದೆನ್ನುತ್ತೇವೆ.

ಆದರೆ ಈ ಬಾವಲಿಯ ಹೆಸರಿನಲ್ಲಿ ಯಾವ ಮಂತ್ರಿಯೂ ಉತ್ಸವ ಮಾಡಲಿಲ್ಲ. ಏಕೆಂದರೆ ಅದನ್ನು ತೋರಿಸಿ ದುಡ್ಡು ಮಾಡಲಾಗುವುದಿಲ್ಲ. ಇದರಿಂದ ಒಂದು ಪಾಠವಿದೆ. ಯಾವ ಪ್ರಾಣಿ ಟಿಕೆಟ್ಟು ಮಾರಿಸುತ್ತದೋ ಅದಕ್ಕೆ ಬೇಲಿ, ಯಾವುದು ಮಾರಿಸುವುದಿಲ್ಲವೋ ಅದಕ್ಕೆ ಡೈನಮೈಟು. ಟಿಕೆಟ್ಟಿಗಿಂತ ಹಡಗಿನ ಲಾಭ ದೊಡ್ಡದಾದರೆ ಆಮೆಯ ಬೇಲಿಯೂ ಕಿತ್ತುಹೋಗುತ್ತದೆ. ವ್ಯಾಪಾರದ ಕೈಗೆ ಕೊಟ್ಟ ಕಾಡು ಕಾಡಾಗಿ ಉಳಿಯುವುದಿಲ್ಲ.

ರಜೆ ಯಾರ ಸ್ವತ್ತು?

ಈಗ ಮೂರನೆಯ ಪ್ರಶ್ನೆ. ಕೇಂದ್ರ ಸರ್ಕಾರದ ನೌಕರರಿಗೆ ರಜಾ ಪ್ರವಾಸ ರಿಯಾಯಿತಿ ಎಂಬುದಿದೆ. ಅದರಲ್ಲಿ ಅಂಡಮಾನಿಗೆ ವಿಮಾನದಲ್ಲಿ ಹೋಗಿಬರಲು ವಿಶೇಷ ಅವಕಾಶ ಕೊಟ್ಟು ಮತ್ತೆ ಮತ್ತೆ ವಿಸ್ತರಿಸಿದ್ದಾರೆ. ಆ ನೌಕರರ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ. ಅವರೂ ದುಡಿಯುವವರೇ, ಸಂಘ ಕಟ್ಟಿ ಪಡೆದ ಹಕ್ಕು ಅದು. ಅವರಿಗೆ ಸಿಕ್ಕದ್ದು ನಮಗೂ ಸಿಗಲಿ ಎಂಬುದೇ ನಮ್ಮ ವಾದ.

ನಮಗೆ ಸಿಕ್ಕಿರುವುದೇನು? 1948ರ ಕಾರ್ಖಾನೆ ಕಾಯಿದೆ ವರ್ಷಕ್ಕೆ 240 ದಿನ ದುಡಿದವನಿಗೆ 20 ದಿನಕ್ಕೊಂದರಂತೆ ಸಂಬಳದ ರಜೆ ಕೊಟ್ಟಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆ ಆ 240ನ್ನು 180 ಮಾಡಿದೆ. ಕೇಳಲು ಇಂಪಾಗಿದೆ. ಆದರೆ ಗುತ್ತಿಗೆದಾರನ ಆಳಿಗೆ 180 ದಿನ ತುಂಬುವ ಮೊದಲೇ ಹೆಸರು ಬದಲಾಗುತ್ತದೆ, ಇಲ್ಲವೇ ಆಳೇ ಬದಲಾಗುತ್ತಾನೆ. ಇಟ್ಟಿಗೆ ಗೂಡಿನಲ್ಲಿ ಮುಂಗಡ ಪಡೆದು ಹೆಂಡತಿ ಮಕ್ಕಳೊಡನೆ ದುಡಿಯುವವನಿಗೆ ರಜೆ ಎಂದರೆ ಮಳೆ ಬಂದ ದಿನ. ಮಂಡಿಯ ಹಮಾಲಿಗೆ ರಜೆ ಎಂದರೆ ಲಾರಿ ಬಾರದ ದಿನ, ಅಂದು ಒಲೆಯೂ ಹೊತ್ತುವುದಿಲ್ಲ. ಸಣ್ಣ ಅಂಗಡಿಯವನ ಗತಿಯೂ ಅದೇ. ಬಾಗಿಲು ಮುಚ್ಚಿದರೆ ಆನ್‌ಲೈನ್ ಕಂಪನಿಯ ಹುಡುಗ ಗಿರಾಕಿಯ ಮನೆಬಾಗಿಲಲ್ಲಿ ನಿಂತಿರುತ್ತಾನೆ. ಆ ಹುಡುಗನಿಗೂ ರಜೆಯಿಲ್ಲ.

ಇಷ್ಟು ಸಾಲದೆಂದು 2023ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದ ವಿಧಾನ ಮಂಡಲ ದಿನಕ್ಕೆ 12 ಗಂಟೆ ದುಡಿಸಲು ಅವಕಾಶ ಕೊಡುವ ತಿದ್ದುಪಡಿ ಮಾಡಿತು. 12 ಗಂಟೆಯ ಪಾಳಿ ಏನೆಂದು ನರಸಾಪುರಕ್ಕೆ ಮೊದಲೇ ಗೊತ್ತಿತ್ತು. 2020ರ ಡಿಸೆಂಬರ್ 12ರಂದು ಅಲ್ಲಿನ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಸಂಬಳದ ತಕರಾರು ಹೊತ್ತಿ ಉರಿಯಿತು. ಗಾಜು ಒಡೆದದ್ದನ್ನು ಪತ್ರಿಕೆಗಳು ಪುಟಗಟ್ಟಲೆ ಬರೆದವು. ಗಾಜು ಒಡೆಯುವುದು ನಮ್ಮ ದಾರಿಯಲ್ಲ. ಆದರೆ ಪಾಳಿಯಲ್ಲೂ ಸಂಬಳದಲ್ಲೂ ಲೋಪಗಳಿದ್ದವೆಂದು ಆಮೇಲೆ ಸರ್ಕಾರದ ತನಿಖೆಯೇ ಹೇಳಿತಲ್ಲ, ಅದಕ್ಕೆ ಎಷ್ಟು ಅಂಗುಲ ಜಾಗ ಸಿಕ್ಕಿತು?

ಬಡವರಿಗೆ ರಜೆಯ ಪ್ರವಾಸವೆಂಬುದು ಹಗಲುಗನಸೆಂದು ತಿಳಿಯಬೇಡಿ. 1936ರ ಬೇಸಿಗೆಯಲ್ಲಿ ಫ್ರಾನ್ಸಿನ ಕಾರ್ಮಿಕರು ಲಕ್ಷಗಟ್ಟಲೆಯಾಗಿ ಕಾರ್ಖಾನೆಗಳಲ್ಲಿ ಕುಳಿತು ಮುಷ್ಕರ ಹೂಡಿದರು. ಲಿಯಾನ್ ಬ್ಲುಮ್ ಅವರ ಸಮಾಜವಾದಿ ನಾಯಕತ್ವದ ಸರ್ಕಾರ ಅವರಿಗೆ ವರ್ಷಕ್ಕೆ ಎರಡು ವಾರ ಸಂಬಳದ ರಜೆ ಕೊಟ್ಟಿತು, ವಾರಕ್ಕೆ 40 ಗಂಟೆ ಕೆಲಸವೆಂದು ಕಾನೂನು ಮಾಡಿತು. ಲಿಯೋ ಲಾಗ್ರಾಂಜ್ ಎಂಬ ಯುವಕ ಮಂತ್ರಿ ರಜೆಗೆ ಹೊರಟ ಕಾರ್ಮಿಕರಿಗೆ ರೈಲು ದರ ಇಳಿಸಿದ ಟಿಕೆಟ್ಟು ತಂದ. ಆ ವರ್ಷವೇ ಸುಮಾರು 6 ಲಕ್ಷ ಜನ ಆ ಟಿಕೆಟ್ಟಿನಲ್ಲಿ ಹೊರಟರು. ಹುಟ್ಟಿದಾರಭ್ಯ ಯಂತ್ರದ ಸದ್ದು ಮಾತ್ರ ಕೇಳಿದ್ದವರು ಮೊದಲ ಸಲ ಸಮುದ್ರದ ಸದ್ದು ಕೇಳಿದರು. ದಂಡೆಯಲ್ಲಿ ಡೇರೆ ಹೊಡೆದರು. ಕುಲೀನರು ಮೂಗು ಮುರಿದರು, ಸಮುದ್ರ ಮೈಲಿಗೆಯಾಯಿತೆಂದರು. ಸಮುದ್ರ ಮಾತ್ರ ಹಾಗೇ ಇತ್ತು.

ನಮ್ಮ ನಾಡಿನಲ್ಲೂ ಗೆಲುವಿಲ್ಲದಿಲ್ಲ. 1990ರ ದಶಕದಲ್ಲಿ ನಾಗರಹೊಳೆಯ ಕಾಡಿನೊಳಗಿನ ಕಟ್ಟಡಗಳನ್ನು ರಾಜ್ಯ ಸರ್ಕಾರ ತಾಜ್ ಗುಂಪಿನ ಹೋಟೆಲ್ ಕಂಪನಿಗೆ ಗುತ್ತಿಗೆ ಕೊಟ್ಟಿತು. ಅದೇ ಕಾಡಿನ ಜೇನುಕುರುಬರನ್ನು ವನ್ಯಜೀವಿಯ ಹೆಸರು ಹೇಳಿ ಹೊರಕ್ಕೆ ದಬ್ಬುತ್ತಿದ್ದ ಕಾಲ ಅದು. ಜೇನು ಬಿಡಿಸುವವನು ಹೊರಗೆ, ಜೇನು ಸವಿಯುವವನು ಒಳಗೆ! ಆದಿವಾಸಿಗಳು ಸಂಘಟಿತರಾದರು, ಕಾಡಿನಲ್ಲಿ ಧರಣಿ ಕುಳಿತರು, ಹೈಕೋರ್ಟಿಗೂ ಹೋದರು. 1997ರಲ್ಲಿ ಹೈಕೋರ್ಟು ಆ ಗುತ್ತಿಗೆ ಕಾನೂನಿಗೆ ವಿರುದ್ಧವೆಂದು ತೀರ್ಪು ಕೊಟ್ಟಿತು. ಅಷ್ಟು ದೊಡ್ಡ ಕಂಪನಿ ಕಾಡಿನಿಂದ ಹೊರಬಿತ್ತು. ಕೈಯಲ್ಲಿ ಕಾಸಿಲ್ಲದವರು, ಹಲವರು ಅಕ್ಷರವನ್ನೂ ಕಾಣದವರು ಮಾಡಿದ ಕೆಲಸ ಅದು.

ಅದೇ ಗುಂಪು 2023ರಲ್ಲಿ ಲಕ್ಷದ್ವೀಪದ ಸುಹೇಲಿ, ಕಡಮತ್ ದ್ವೀಪಗಳಲ್ಲಿ ಹೋಟೆಲು ನಡೆಸಲು ಒಪ್ಪಂದ ಮಾಡಿಕೊಂಡಿತು. ಕಡಮತ್ ನಮಗೆ ದೂರದ ಹೆಸರಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ತೆಂಗಿನ ನಾರು ತಂದು ಮಂಗಳೂರಿನಿಂದ ಅಕ್ಕಿ ಒಯ್ಯುತ್ತಿದ್ದ ಜನ ಅವರು. 2021ರಲ್ಲಿ ಅಭಿವೃದ್ಧಿಯ ಹೆಸರಿನಲ್ಲಿ ಯಾರ ಜಮೀನನ್ನಾದರೂ ಆಡಳಿತ ತೆಗೆದುಕೊಳ್ಳಬಹುದಾದ ಕರಡು ಕಾನೂನು ಬಂದಾಗ ಅವರು ಮನೆಮನೆಯಲ್ಲಿ ಉಪವಾಸ ಕುಳಿತರು. ದ್ವೀಪದವನ ಭಯವೂ ಶ್ರೀನಿವಾಸಪುರದ ರೈತನ ಭಯವೂ ಒಂದೇ: ನಾಳೆ ಬೆಳಗ್ಗೆ ಈ ನೆಲ ನನ್ನದೋ ಅಲ್ಲವೋ?

ಆದ್ದರಿಂದ ನಮ್ಮ ಬೇಡಿಕೆಗಳನ್ನು ಸ್ಪಷ್ಟವಾಗಿ ಇಡುತ್ತೇವೆ. ಗ್ರೇಟ್ ನಿಕೋಬಾರಿನ ಕಾಡು ಕಡಿಯುವುದು ನಿಲ್ಲಬೇಕು. ಅಲ್ಲಿನ ಜನ ಅವರ ಊರಿಗೆ ಹಿಂತಿರುಗಬೇಕು. ಶ್ರೀನಿವಾಸಪುರದಲ್ಲಿ ಕಂದಾಯ, ಅರಣ್ಯ ಎರಡೂ ಇಲಾಖೆಗಳು ರೈತನ ಎದುರಿನಲ್ಲೇ ಜಂಟಿ ಸರ್ವೆ ಮುಗಿಸುವ ತನಕ ಸಣ್ಣ ಹಿಡುವಳಿಯ ಒಂದು ಮರಕ್ಕೂ ಕೈ ಹಾಕಬಾರದು. ತೆರವು ಮೇಲಿನವರಿಂದ ಶುರುವಾಗಬೇಕು. ಹನುಮನಹಳ್ಳಿಯ ಗುಹೆಯ ಸುತ್ತ ಒಂದು ಬಂಡೆಯೂ ಒಡೆಯಬಾರದು. ಅಂತರಗಂಗೆಗೆ ಬರುವ ಪ್ರತಿ ಗುಂಪಿಗೂ ಬೆಟ್ಟದ ಹಳ್ಳಿಗಳ ಹುಡುಗರೇ ದಾರಿ ತೋರಿಸಬೇಕು, ಆ ದುಡ್ಡು ಅವರ ಕೈಗೆ ಬರಬೇಕು. ಗುತ್ತಿಗೆಯವನಿರಲಿ ಕಾಯಮ್ಮಿನವನಿರಲಿ, ದುಡಿಯುವ ಪ್ರತಿಯೊಬ್ಬನಿಗೂ ವರ್ಷಕ್ಕೆ ಎರಡು ವಾರ ಸಂಬಳದ ರಜೆ ಬೇಕು. ರಜೆಯ ಚೀಟಿ ತೋರಿಸಿದ ಕಾರ್ಮಿಕನ ಸಂಸಾರಕ್ಕೂ ಸಣ್ಣ ವ್ಯಾಪಾರಿಯ ಸಂಸಾರಕ್ಕೂ ಸರ್ಕಾರಿ ಬಸ್ಸಿನಲ್ಲಿ ಅರ್ಧ ದರ, ಸರ್ಕಾರದ ಕಾಡಿನ ಬಿಡಾರಗಳಲ್ಲಿ ಕೂಲಿಗೆ ತಕ್ಕ ಬಾಡಿಗೆ ಆಗಬೇಕು. ರಾಜ್ಯದ ಖಜಾನೆ ಇದರಿಂದ ಬರಿದಾಗುವುದಿಲ್ಲ. ಶ್ರೀಮಂತರ ವಿಮಾನ ನಿಲ್ದಾಣಗಳಿಗೆ ಸುರಿಯುವುದರಲ್ಲಿ ಚೂರು ಉಳಿದರೆ ಸಾಕು.

1963ರಲ್ಲಿ ಲೋಹಿಯಾ ಅವರು ಲೋಕಸಭೆಯಲ್ಲಿ ಎದ್ದು ನಿಂತು, ಈ ದೇಶದ ಕೋಟ್ಯಂತರ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆಂದು ಲೆಕ್ಕ ಒಪ್ಪಿಸಿದಾಗ ಸರ್ಕಾರ ಹದಿನೈದಾಣೆಯ ಲೆಕ್ಕ ತೋರಿಸಿ ಬಾಯಿ ಮುಚ್ಚಿಸಲು ನೋಡಿತು. ಅಂದು ಆಣೆಯ ಲೆಕ್ಕ ಕೇಳಿದಂತೆ ಇಂದು ನಾವು ದಿನಗಳ ಲೆಕ್ಕ ಕೇಳುತ್ತೇವೆ. ವರ್ಷದ 365 ದಿನಗಳಲ್ಲಿ ಮಾಲೂರಿನ ಗೂಡಿನ ಆಳಿಗೆ, ಮುಳಬಾಗಿಲಿನ ಬೀದಿ ವ್ಯಾಪಾರಿಗೆ, ನರಸಾಪುರದ ಹುಡುಗಿಗೆ ತಮ್ಮದೆನ್ನುವ ದಿನಗಳೆಷ್ಟು? ಕಾರ್ಮಿಕ ಇಲಾಖೆ ಉತ್ತರ ಕೊಡಲಿ.

ಓದುಗ ಬಂಧುಗಳು ಸುಮ್ಮನೆ ಓದಿ ಮಡಚಿಡಬಾರದು. ನಿಮ್ಮ ಕಾರ್ಖಾನೆಯಲ್ಲಿ, ಗೂಡಿನಲ್ಲಿ, ಮಂಡಿಯಲ್ಲಿ ಕಳೆದ ವರ್ಷ ಎಷ್ಟು ಜನಕ್ಕೆ ಸಂಬಳದ ರಜೆ ಸಿಕ್ಕಿತು, ಎಷ್ಟು ಜನಕ್ಕೆ ಸಿಗಲಿಲ್ಲ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಪಕ್ಷದ ಕಚೇರಿಗೆ ತಲಪಿಸಿ. ಹೆಸರು ಬೇಡ, ಲೆಕ್ಕ ಸಾಕು. ಆ ಹಾಳೆಗಳ ಕಟ್ಟನ್ನು ಹೊತ್ತು ನಾವು ಜಿಲ್ಲಾಧಿಕಾರಿಗಳ ಕಚೇರಿಯ ಮೆಟ್ಟಿಲು ಹತ್ತುತ್ತೇವೆ. ಕಟ್ಟು ಎಷ್ಟು ದಪ್ಪವಾಗಿರುತ್ತದೋ ಮಾತಿಗೆ ಅಷ್ಟು ತೂಕ ಬರುತ್ತದೆ.